ಬೀಜದ ಜೊತೆ ಹೋಗುವ ಕಾಗದ: ವಿಶ್ವವಿದ್ಯಾಲಯಗಳ ‘ಎಂಟಿಎ’ ಅಂದರೆ ಏನು?

ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹೊರಗಿನ ಯಾವುದಾದರೂ ಕಂಪನಿಯ ಜೊತೆ ಒಡಂಬಡಿಕೆ ಮಾಡಿಕೊಂಡರೆ ಮರುದಿನದ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಕುಲಪತಿಗಳು ಒಂದು ಕಡೆ, ಹೊರಗಿನವರು ಇನ್ನೊಂದು ಕಡೆ, ನಡುವೆ ಒಂದು ಫೈಲು, ಹಿಂದೆ ಬ್ಯಾನರು. ಅದನ್ನು ನೋಡಿದ ಮೇಲೆ ರೈತರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಅಲ್ರೀ, ನಮ್ಮ ಜವಾರಿ ಬೀಜ ಎಲ್ಲಾ ಅವರಿಗೆ ಕೊಟ್ಟುಬಿಟ್ರೇನು?’

ಕೇಳಬೇಕಾದ ಪ್ರಶ್ನೆಯೇ. ಆದರೆ ಉತ್ತರ ಆ ಫೈಲಿನಲ್ಲಿ ಸಿಗುವುದು ಕಡಿಮೆ. ಫೋಟೊದಲ್ಲಿ ಕಾಣುವುದು ಸಾಮಾನ್ಯವಾಗಿ ‘ಎಂಒಯು’. ಮುಂದೆ ಇಬ್ಬರೂ ಕೂಡಿ ಕೆಲಸ ಮಾಡೋಣ ಎಂಬ ಮಾತು ಅಷ್ಟೇ. ಬೀಜದ ಪೊಟ್ಟಣ ಕ್ಯಾಂಪಸ್ಸಿನ ಗೇಟು ದಾಟಬೇಕಾದರೆ ಬೇರೆಯದೇ ಕಾಗದ ಬೇಕು. ಅದು ವಸ್ತು ವರ್ಗಾವಣೆ ಒಪ್ಪಂದ, ಇಂಗ್ಲಿಷಿನಲ್ಲಿ ‘ಮೆಟೀರಿಯಲ್ ಟ್ರಾನ್ಸ್‌ಫರ್ ಅಗ್ರಿಮೆಂಟ್’. ಲ್ಯಾಬುಗಳಲ್ಲಿ ಇಷ್ಟುದ್ದದ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ, ‘ಎಂಟಿಎ ಆಯ್ತಾ?’ ಅಂತಲೇ ಕೇಳುವುದು. ಇದಕ್ಕೆ ಯಾರೂ ಫೋಟೊ ತೆಗೆಸುವುದಿಲ್ಲ. ಆದರೆ ಯಾರು ಏನು ಕೊಟ್ಟರು, ಪಡೆದವರು ಅದರಿಂದ ಏನು ಮಾಡಬಹುದು, ಏನು ಮಾಡುವಂತಿಲ್ಲ ಎಂಬುದೆಲ್ಲ ಇರುವುದು ಇದರಲ್ಲೇ.

## ಯಾವ ವಸ್ತು?

ಸಂಶೋಧನೆಗೆ ಬೇಕಾದ, ಕೈಯಲ್ಲಿ ಹಿಡಿದು ಕೊಡಬಹುದಾದ ಯಾವುದಾದರೂ ಆಗಬಹುದು. ಕೃಷಿ ವಿಶ್ವವಿದ್ಯಾಲಯದಲ್ಲಿ ಹೆಚ್ಚಾಗಿ ಬೀಜ. ಇಲ್ಲವೇ ಬೇರುಗಂಟಿನ ರೈಜೋಬಿಯಂ ಬ್ಯಾಕ್ಟೀರಿಯಾ, ಬೆಳೆಯ ರೋಗ ತಡೆಯುವ ಟ್ರೈಕೋಡರ್ಮಾ, ಕಸಿಗೆ ಬೇಕಾದ ಕಡ್ಡಿ, ಲ್ಯಾಬಿನಲ್ಲಿ ಸಾಕಿದ ಕೀಟ. ಮೆಡಿಕಲ್ ಕಾಲೇಜಿನಲ್ಲಾದರೆ ರಕ್ತ, ಅಂಗಾಂಶದ ಚೂರು. ರಸಾಯನಶಾಸ್ತ್ರ ವಿಭಾಗದಲ್ಲಾದರೆ ಹೊಸದಾಗಿ ತಯಾರಿಸಿದ ಒಂದು ಗ್ರಾಂ ಪುಡಿ.

ಇದು ಮಾರಾಟ ಅಲ್ಲ. ಪ್ಯಾಕಿಂಗ್ ಮತ್ತು ಕೊರಿಯರ್ ಖರ್ಚು ಬಿಟ್ಟರೆ ಎಷ್ಟೋ ಸಲ ದುಡ್ಡಿನ ಮಾತೇ ಬರುವುದಿಲ್ಲ. ವಸ್ತು ಹೋಗುತ್ತದೆ, ಒಡೆತನ ಹೋಗುವುದಿಲ್ಲ. ಎಂಟಿಎಯ ಮೂಲ ಇಷ್ಟೇ. ಉಳಿದ ಪುಟಗಳೆಲ್ಲ ಈ ಒಂದು ಮಾತಿಗೆ ಹಾಕಿದ ಬೇಲಿ.

ಬೇಲಿ ಯಾಕೆ ಬೇಕು? ಲ್ಯಾಬಿನ ಮೈಕ್ರೋಸ್ಕೋಪನ್ನು ಪಕ್ಕದ ಕಾಲೇಜಿಗೆ ಎರವಲು ಕೊಟ್ಟರೆ ವಾಪಸ್ ಬರುವುದೂ ಒಂದೇ ಮೈಕ್ರೋಸ್ಕೋಪು. ಬೀಜ ಹಾಗಲ್ಲ. ಐವತ್ತು ಕಾಳು ಕೊಟ್ಟರೆ ಮುಂದಿನ ಹಂಗಾಮಿಗೆ ಸಾವಿರಾರು ಆಗಿರುತ್ತವೆ. ಎರಡು ವರ್ಷದಲ್ಲಿ ಬೇರೆ ತಳಿಯ ಜೊತೆ ಕ್ರಾಸ್ ಆಗಿ, ಹೊಸ ಹೆಸರು ಹೊತ್ತು, ಬೇರೆ ಊರಿನ ಹೊಲದಲ್ಲಿ ನಿಂತಿರುತ್ತವೆ. ಆಗ ‘ಇದು ನಮ್ಮದು’ ಅಂತ ಹೇಳುವುದಕ್ಕೆ ಆಧಾರ ಏನು?

## ಹೆಪ್ಪು ಕೊಟ್ಟವರು, ಮೊಸರು ಮಾಡಿದವರು

ಮನೆಯಲ್ಲಿ ಹೆಪ್ಪು ಮುಗಿದಿದೆ, ಪಕ್ಕದ ಮನೆಯ ಕಾಕು ಹತ್ತಿರ ಒಂದು ಚಮಚ ತಂದಿರಿ ಅಂದುಕೊಳ್ಳಿ. ಆ ಚಮಚದಲ್ಲಿರುವುದು ಮೂಲ ವಸ್ತು. ರಾತ್ರಿ ಹಾಲಿಗೆ ಹಾಕಿದಿರಿ, ಬೆಳಗ್ಗೆ ಗಡಿಗೆ ತುಂಬ ಮೊಸರು. ಎಂಟಿಎ ಭಾಷೆಯಲ್ಲಿ ಇದು ‘ಸಂತತಿ’. ಹಾಲು ನಿಮ್ಮದು, ಶ್ರಮ ನಿಮ್ಮದು, ಆದರೂ ಒಳಗೆ ಬೆಳೆದಿರುವುದು ಕಾಕು ಕೊಟ್ಟದ್ದೇ. ಹಾಗಾಗಿ ಬಹಳಷ್ಟು ಒಪ್ಪಂದಗಳು ಮೂಲ ವಸ್ತುವಿನ ಜೊತೆ ಸಂತತಿಯನ್ನೂ ಕೊಟ್ಟವರ ಲೆಕ್ಕಕ್ಕೇ ಸೇರಿಸುತ್ತವೆ. ಅದೇ ಮೊಸರು ಕಡೆದು ಬೆಣ್ಣೆ ತೆಗೆದರೆ? ಹೊಸದೇನೂ ಸೇರಿಸಿಲ್ಲ, ಇದ್ದದ್ದನ್ನೇ ಬೇರೆ ಮಾಡಿದ್ದೀರಿ. ಅದು ‘ಮಾರ್ಪಡಿಸದ ಉತ್ಪನ್ನ’. ಅದೂ ಕೊಟ್ಟವರದ್ದೇ.

ಇನ್ನು ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ಸಕ್ಕರೆ, ಏಲಕ್ಕಿ, ಕೇಸರಿ ಹಾಕಿ ಶ್ರೀಖಂಡ ಮಾಡಿದಿರಿ. ಇದು ‘ಮಾರ್ಪಾಡು’. ಜಗಳ ಹುಟ್ಟುವುದೇ ಇಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1995ರಲ್ಲಿ ಹೊರತಂದ ಏಕರೂಪದ ಎಂಟಿಎ ಇದಕ್ಕೊಂದು ಉತ್ತರ ಕೊಟ್ಟಿತು. ಅಲ್ಲಿನ ವಿಶ್ವವಿದ್ಯಾಲಯಗಳು ಇವತ್ತಿಗೂ ಅದನ್ನು ಬಳಸುತ್ತವೆ. ಅದರ ಪ್ರಕಾರ ಶ್ರೀಖಂಡ ನಿಮ್ಮದು, ಆದರೆ ಅದರೊಳಗಿನ ಮೊಸರು ಕಾಕು ಅವರದ್ದು. ಅಂದರೆ ನೀವು ಶ್ರೀಖಂಡದ ಅಂಗಡಿ ತೆರೆಯುವುದಾದರೆ ಮೊದಲು ಅವರ ಜೊತೆ ಕೂತು ಮಾತಾಡಬೇಕು.

ಎಲ್ಲ ಒಪ್ಪಂದಗಳೂ ಇಷ್ಟು ಸೌಮ್ಯವಾಗಿ ಇರುವುದಿಲ್ಲ. ಕೆಲವು ಕಂಪನಿಗಳ ಕರಡಿನಲ್ಲಿ ‘ನಮ್ಮ ವಸ್ತು ಬಳಸಿ ನೀವು ಏನೇ ಕಂಡುಹಿಡಿದರೂ ಅದರಲ್ಲಿ ನಮಗೂ ಹಕ್ಕು’ ಎಂಬ ಸಾಲು ಇರುತ್ತದೆ. ವಿಶ್ವವಿದ್ಯಾಲಯದ ಕಡೆಯವರು ಜಾಸ್ತಿ ಕಣ್ಣಿಡಬೇಕಾದ ಸಾಲು ಇದು. ಒಂದು ಸಣ್ಣ ಬಾಟಲಿ ಪಡೆದದ್ದಕ್ಕೆ ಹತ್ತು ವರ್ಷದ ಕೆಲಸದ ಪಾಲು ಬರೆದುಕೊಟ್ಟ ಹಾಗೆ ಆಗಿಬಿಡಬಹುದು.

## ಕಾಗದದಲ್ಲಿ ಏನಿರುತ್ತದೆ?

ಸಾಮಾನ್ಯ ಎಂಟಿಎ ಕೆಲವೇ ಪುಟಗಳದ್ದು. ಮೊದಲು ವಸ್ತುವಿನ ವಿವರ: ಯಾವ ಬೆಳೆ, ಯಾವ ತಳಿ, ಎಷ್ಟು ಗ್ರಾಂ, ಯಾವ ನೋಂದಣಿ ಸಂಖ್ಯೆ. ಆಮೇಲೆ ಉದ್ದೇಶ. ಈ ಉದ್ದೇಶದ ಸಾಲು ನೋಡುವುದಕ್ಕೆ ಚಿಕ್ಕದು, ತೂಕ ಮಾತ್ರ ಅದಕ್ಕೇ. ‘ತುಕ್ಕು ರೋಗ ತಡೆಯುವ ಗುಣದ ಪರೀಕ್ಷೆಗಾಗಿ’ ಎಂದು ಬರೆದಿದ್ದರೆ ಆ ಬೀಜವನ್ನು ಎಣ್ಣೆ ಅಂಶದ ಪರೀಕ್ಷೆಗೆ ಬಳಸುವುದಕ್ಕೂ ಮತ್ತೆ ಕೇಳಬೇಕು. ‘ಸಂಶೋಧನೆಗಾಗಿ’ ಅಂತ ಸುಮ್ನೆ ಒಂದೇ ಪದ ಬರೆದಿದ್ದರೆ ಅದರಡಿ ಏನನ್ನು ಬೇಕಾದರೂ ತೂರಿಸಬಹುದು.

ಮೂರನೆಯ ವ್ಯಕ್ತಿಗೆ ಕೊಡಬಾರದು ಎಂಬ ಷರತ್ತು ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತದೆ. ಬೇರೆ ಯಾರಾದರೂ ಕೇಳಿದರೆ ‘ಮೂಲದವರನ್ನೇ ಕೇಳಿ’ ಅನ್ನಬೇಕು. ಕೆಲಸ ಮುಗಿದ ಮೇಲೆ ಉಳಿದದ್ದನ್ನು ವಾಪಸ್ ಮಾಡಬೇಕು, ಇಲ್ಲವೇ ನಾಶ ಮಾಡಬೇಕು. ಇದ್ದದ್ದು ಇದ್ದ ಹಾಗೆ ಕೊಡುತ್ತಿದ್ದೇವೆ, ಮೊಳಕೆ ಬಾರದಿದ್ದರೆ ನಮ್ಮನ್ನು ಕೇಳಬೇಡಿ ಎಂಬ ಮಾತೂ ಇರುತ್ತದೆ.

ಪ್ರಕಟಣೆಯ ಷರತ್ತು ನೇರವಾಗಿ ತಟ್ಟುವುದು ವಿದ್ಯಾರ್ಥಿಗಳಿಗೆ. ಪಿಎಚ್‌ಡಿ ಮಾಡುವ ಹುಡುಗಿ ಕಂಪನಿಯಿಂದ ಬಂದ ವಸ್ತುವಿನ ಮೇಲೆ ಮೂರು ವರ್ಷ ಕೆಲಸ ಮಾಡಿರುತ್ತಾಳೆ. ‘ಪ್ರಕಟಿಸುವ ಮೊದಲು ನಮ್ಮ ಒಪ್ಪಿಗೆ ಬೇಕು’ ಎಂದು ಎಂಟಿಎಯಲ್ಲಿ ಇದ್ದರೆ ಅವಳ ಪ್ರಬಂಧ ಕಂಪನಿಯ ಮೇಜಿನ ಮೇಲೆ ಕಾಯುತ್ತದೆ. ಪೇಟೆಂಟಿಗೆ ಅರ್ಜಿ ಹಾಕುವ ಮೊದಲೇ ವಿಷಯ ಬಹಿರಂಗವಾದರೆ ಪೇಟೆಂಟ್ ಸಿಗುವುದು ಕಷ್ಟ, ಅದಕ್ಕೇ ಕಂಪನಿಗಳು ಈ ಷರತ್ತು ಕೇಳುತ್ತವೆ. ಇಷ್ಟು ದಿನದೊಳಗೆ ಉತ್ತರ ಕೊಡದಿದ್ದರೆ ಒಪ್ಪಿದ ಹಾಗೆ ಎಂದು ಗಡುವು ಬರೆಸಿಕೊಂಡರೆ ಇಬ್ಬರಿಗೂ ಅನುಕೂಲ.

ಸಹಿ ಯಾರದ್ದು ಎಂಬುದೂ ಮುಖ್ಯ. ವಿಜ್ಞಾನಿ ಬೀಜ ಬೆಳೆಸಿದವರಾದರೂ ಒಪ್ಪಂದ ಸಂಸ್ಥೆಯದ್ದು. ಹಾಗಾಗಿ ಸಂಸ್ಥೆ ಅಧಿಕಾರ ಕೊಟ್ಟ ಅಧಿಕಾರಿ ಸಹಿ ಹಾಕಬೇಕು. ‘ಷರತ್ತು ಓದಿದ್ದೇನೆ’ ಎಂಬುದಕ್ಕೆ ವಿಜ್ಞಾನಿಯ ಸಹಿ ಬೇರೆ. ಸಮ್ಮೇಳನದಲ್ಲಿ ಸಿಕ್ಕ ಗೆಳೆಯನಿಗೆ ಜೇಬಿನಿಂದ ನಾಲ್ಕು ಕಾಳು ತೆಗೆದುಕೊಡುವುದು ಒಂದು ಕಾಲದಲ್ಲಿ ಮಾಮೂಲು. ಈಗ ಅದು ನಿಯಮಕ್ಕೆ ವಿರುದ್ಧ.

## ಒಂದು ಶೇಂಗಾ ತಳಿಯ ಓಡಾಟ

ಇಷ್ಟೆಲ್ಲ ರಗಳೆ ಇದ್ದ ಮೇಲೆ ಬೀಜ ಕೊಡದೇ ಇದ್ದರೇ ಆಗಲ್ವಾ ಅಂತ ಅನಿಸಬಹುದು. ಅದಕ್ಕೆ ನಮ್ಮ ಕಡೆಯದ್ದೇ ಉದಾಹರಣೆ ಇದೆ: ಜಿಪಿಬಿಡಿ-4. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹೊರತಂದ ಶೇಂಗಾ ತಳಿ. ತುಕ್ಕು ರೋಗವನ್ನೂ ತಡವಾಗಿ ಬರುವ ಎಲೆಚುಕ್ಕೆ ರೋಗವನ್ನೂ ತಾಳಿಕೊಳ್ಳುತ್ತದೆ. ಈ ಎರಡು ರೋಗ ಒಟ್ಟಿಗೆ ಬಿದ್ದರೆ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯುವುದನ್ನು ಶೇಂಗಾ ಬೆಳೆಯುವವರೆಲ್ಲ ನೋಡಿದ್ದಾರೆ.

ಆ ತಾಳಿಕೆಯ ಗುಣ ಎಲ್ಲಿಂದ ಬಂತು? ಜಿಪಿಬಿಡಿ-4ರ ತಂದೆತಾಯಿಯಲ್ಲಿ ಒಂದು ಕೆಆರ್‌ಜಿ-1. ಇನ್ನೊಂದು ಐಸಿಜಿವಿ 86855. ಈ ಎರಡನೆಯದು ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿರುವ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್‌ನದ್ದು. ಅದರ ಮೈಯಲ್ಲಿ ದಕ್ಷಿಣ ಅಮೆರಿಕದ ಬೊಲಿವಿಯಾ ಕಡೆಯ ಒಂದು ಕಾಡು ಶೇಂಗಾದ ರಕ್ತ ಇದೆ. ಅಂದರೆ ಎಲ್ಲೋ ದೂರದ ಕಾಡಿನ ಗಿಡದ ಗುಣ ಕೈಯಿಂದ ಕೈಗೆ ದಾಟುತ್ತಾ ಧಾರವಾಡದ ಪ್ರಯೋಗ ತಾಕಿಗೆ ಬಂತು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಮುಂದೆ ಇಕ್ರಿಸ್ಯಾಟ್‌ನವರು ಜೆಎಲ್ 24, ಟಿಎಜಿ 24ರಂಥ ಹಳೆಯ ಜನಪ್ರಿಯ ತಳಿಗಳಿಗೆ ತುಕ್ಕು ತಾಳಿಕೆ ಸೇರಿಸುವ ಕೆಲಸಕ್ಕೆ ಕೈಹಾಕಿದಾಗ ದಾನಿಯಾಗಿ ಬಳಸಿದ್ದು ಇದೇ ಜಿಪಿಬಿಡಿ-4. ಪಟಾನ್‌ಚೆರುವಿನಿಂದ ಬಂದದ್ದು ಬೇರೆ ರೂಪದಲ್ಲಿ ಪಟಾನ್‌ಚೆರುವಿಗೇ ಹೋಯಿತು. ಈ ಸರಪಳಿಯ ಒಂದು ಕೊಂಡಿಯವರು ‘ಕೊಡುವುದಿಲ್ಲ’ ಅಂದಿದ್ದರೂ ಮುಂದಿನದು ಆಗುತ್ತಿರಲಿಲ್ಲ.

ಹೀಗೆ ಹೋಗುವ ಪೊಟ್ಟಣ ನೋಡಲು ಏನೂ ವಿಶೇಷ ಇರುವುದಿಲ್ಲ. ಒಂದು ಖಾಕಿ ಕವರು, ಮೇಲೆ ಪೆನ್ಸಿಲಿನಲ್ಲಿ ಬರೆದ ಸಂಖ್ಯೆ, ಒಳಗೂ ಅದೇ ಸಂಖ್ಯೆಯ ಚೀಟಿ. ಒಂದು ಹರಿದರೂ ಇನ್ನೊಂದು ಉಳಿಯಲಿ ಎಂದು ಎರಡು. ಸಂಖ್ಯೆ ಕಳೆದುಹೋದರೆ ಒಳಗಿರುವುದು ಬರೀ ಹಿಡಿ ಶೇಂಗಾ, ಹುರಿದು ತಿನ್ನಬಹುದು ಅಷ್ಟೇ. ವಿದೇಶದಿಂದ ಬಂದು ದೇಶದ ಜೀನ್ ಬ್ಯಾಂಕಿನ ಲೆಕ್ಕಕ್ಕೆ ಸೇರಿದ ಬೀಜಕ್ಕೆ ‘ಇಸಿ’ ಎಂದು ಶುರುವಾಗುವ ಸಂಖ್ಯೆ ಇರುತ್ತದೆ, ದೇಶದೊಳಗೆ ಸಂಗ್ರಹಿಸಿದ್ದಕ್ಕೆ ‘ಐಸಿ’. ಈ ಸಂಖ್ಯೆ ಕೊಡುವುದು ದೆಹಲಿಯ ಎನ್‌ಬಿಪಿಜಿಆರ್, ಅಂದರೆ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆ. ಸಂಶೋಧನೆಗಾಗಿ ಹೊರದೇಶದಿಂದ ಬರುವ ಬೀಜ ಅವರ ಮೂಲಕವೇ ಬರಬೇಕು. ಆಮದು ಪರವಾನಗಿ ಬೇಕು, ಕಳಿಸಿದ ದೇಶದಿಂದ ರೋಗವಿಲ್ಲ ಎಂಬ ಪ್ರಮಾಣಪತ್ರ ಬೇಕು. ಬಂದ ಮೇಲೆ ಇಲ್ಲಿ ಮತ್ತೆ ಕ್ವಾರಂಟೈನ್ ಪರೀಕ್ಷೆ. ಎಂಟಿಎ ಆಗಿದ್ದರೂ ಬೀಜ ಬರುವುದಕ್ಕೆ ತಿಂಗಳುಗಳು ಹಿಡಿಯುವುದು ಇದಕ್ಕೇ.

## ಇಡೀ ಜಗತ್ತಿಗೆ ಒಂದೇ ಫಾರ್ಮು

ಪ್ರತಿ ಬೀಜಕ್ಕೂ ಪ್ರತಿ ಸಲ ಹೊಸದಾಗಿ ಚೌಕಾಸಿ ಮಾಡುತ್ತಾ ಕೂತರೆ ಸಂಶೋಧನೆ ಸಾಗುವುದಿಲ್ಲ. ಅದಕ್ಕೆ ಆಹಾರ ಬೆಳೆಗಳಿಗಾಗಿ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ. 2001ರಲ್ಲಿ ಒಪ್ಪಿಗೆಯಾಗಿ 2004ರಲ್ಲಿ ಜಾರಿಗೆ ಬಂತು. ಭಾರತವೂ ಅದರಲ್ಲಿದೆ. ಅದರ ಅಡಿಯಲ್ಲಿ 2006ರಲ್ಲಿ ಒಂದು ಪ್ರಮಾಣಿತ ಎಂಟಿಎ ಬಂತು. ಇದರ ಷರತ್ತು ಯಾರೂ ತಿದ್ದುವಂತಿಲ್ಲ. ಒಪ್ಪಿದರೆ ಬೀಜ, ಇಲ್ಲದಿದ್ದರೆ ಇಲ್ಲ.

ಒಪ್ಪಂದದ ಪಟ್ಟಿಯಲ್ಲಿರುವುದು 64 ಬೆಳೆ ಮತ್ತು ಬೆಳೆ ಗುಂಪು. ಜೋಳ, ಗೋಧಿ, ಸಜ್ಜೆ, ರಾಗಿ, ಕಡಲೆ, ತೊಗರಿ, ಬದನೆ ಇವೆ. ನಮ್ಮ ಕಡೆಯ ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ, ಸೋಯಾಬೀನ್ ಇಲ್ಲ. ಶೇಂಗಾ ಕೂಡ ಪಟ್ಟಿಯಲ್ಲಿಲ್ಲ, ಆದರೆ ಇಕ್ರಿಸ್ಯಾಟ್‌ನಂಥ ಅಂತರರಾಷ್ಟ್ರೀಯ ಸಂಸ್ಥೆಗಳು ತಮ್ಮ ಸಂಗ್ರಹದ ಶೇಂಗಾವನ್ನೂ ಇದೇ ಫಾರ್ಮಿನಲ್ಲಿ ಕೊಡುತ್ತವೆ. ಉಳಿದ ಬೆಳೆಗಳಿಗೆ ಇಬ್ಬರೇ ಕೂತು ಷರತ್ತು ಮಾತಾಡಿಕೊಳ್ಳಬೇಕು.

ಈ ಫಾರ್ಮಿನಲ್ಲಿ ಎರಡು ಮುಖ್ಯ ಮಾತು. ಒಂದು, ‘ಪಡೆದ ರೂಪದಲ್ಲಿ’ ಇರುವ ಬೀಜದ ಮೇಲೆ ಬೇರೆಯವರಿಗೆ ಸಿಗದ ಹಾಗೆ ಮಾಡುವ ಹಕ್ಕು ಕೇಳುವಂತಿಲ್ಲ. ಇನ್ನೊಂದು, ಈ ಬೀಜದಿಂದ ಹೊಸ ತಳಿ ಮಾಡಿ ಮಾರಿ, ಮುಂದಿನ ಸಂಶೋಧನೆಗೆ ಅದು ಸಿಗದಂತೆ ಬೀಗ ಹಾಕಿದರೆ ಮಾರಾಟದ ಒಂದು ಪಾಲನ್ನು ಜಾಗತಿಕ ನಿಧಿಗೆ ಕಟ್ಟಬೇಕು. ಲೆಕ್ಕ ಶೇ 1.1, ಅದರಲ್ಲಿ ಶೇ 30 ಕಳೆದು. ಅಂದರೆ ನೂರು ರೂಪಾಯಿ ಮಾರಾಟಕ್ಕೆ 77 ಪೈಸೆ. ಬೀಗ ಹಾಕದೆ ಎಲ್ಲರಿಗೂ ಬಿಟ್ಟರೆ ಕಡ್ಡಾಯ ಇಲ್ಲ.

## ನಮ್ಮ ದೇಶದ ಕಾನೂನು ಏನು ಹೇಳುತ್ತದೆ?

ಎಂಟಿಎ ಇಬ್ಬರ ನಡುವಿನ ಒಪ್ಪಂದ. ಅದರ ಮೇಲೆ ಕಾನೂನು ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಇಲ್ಲಿನ ಸಸ್ಯ, ಪ್ರಾಣಿ, ಸೂಕ್ಷ್ಮಜೀವಿಗಳನ್ನು ಸಂಶೋಧನೆಗೋ ವ್ಯಾಪಾರಕ್ಕೋ ಪಡೆಯಬೇಕಾದರೆ ವಿದೇಶಿಯರು, ವಿದೇಶಿ ಸಂಸ್ಥೆಗಳು ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಮೊದಲೇ ತೆಗೆದುಕೊಳ್ಳಬೇಕು. ಸಂಶೋಧನೆಯ ಫಲಿತಾಂಶವನ್ನು ದುಡ್ಡಿಗೋ ಪುಕ್ಕಟೆಯೋ ವಿದೇಶಿಯರಿಗೆ ವರ್ಗಾಯಿಸುವುದಕ್ಕೂ ಒಪ್ಪಿಗೆ ಬೇಕು. ಭಾರತದ ಕಂಪನಿ ವ್ಯಾಪಾರಕ್ಕೆ ಬಳಸುವುದಾದರೆ ರಾಜ್ಯದ ಜೀವವೈವಿಧ್ಯ ಮಂಡಳಿಗೆ ತಿಳಿಸಬೇಕು. ಭಾರತದ ವಿಜ್ಞಾನಿ ಭಾರತದ ಸಂಸ್ಥೆಯಲ್ಲಿ ಶುದ್ಧ ಸಂಶೋಧನೆ ಮಾಡಿದರೆ ಪ್ರಾಧಿಕಾರದ ಒಪ್ಪಿಗೆ ಬೇಕಿಲ್ಲ. ಎರಡು ದೇಶಗಳ ಸಂಸ್ಥೆಗಳು ಸರ್ಕಾರದ ಮಾರ್ಗಸೂಚಿಯಂತೆ, ಅನುಮೋದನೆ ಪಡೆದು ನಡೆಸುವ ಜಂಟಿ ಯೋಜನೆಗಳಿಗೂ ವಿನಾಯಿತಿ ಇದೆ.

ಜಾಗದ ಕಾನೂನು ಇನ್ನೊಂದು. ಗದಗಿನ ಕಪ್ಪತಗುಡ್ಡದ ಔಷಧಿ ಗಿಡಗಳ ಮೇಲೆ ಕೆಲಸ ಮಾಡಬೇಕು ಅಂದುಕೊಂಡ ಸಂಶೋಧಕನಿಗೆ ವಿಶ್ವವಿದ್ಯಾಲಯದ ಕಾಗದ ಒಂದೇ ಸಾಲುವುದಿಲ್ಲ. 2019ರಿಂದ ಅದು ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಎಲೆಯನ್ನೂ ಕಿತ್ತು ತರುವಂತಿಲ್ಲ.

## ಬದನೆಯ ತಕರಾರು

ಎಂಟಿಎಯಂಥ ಒಣ ಕಾಗದ ಎಷ್ಟು ದೂರ ಹೋಗಬಹುದು ಎಂಬುದನ್ನು ಧಾರವಾಡ ಹತ್ತಿರದಿಂದ ನೋಡಿದೆ. 2005ರಲ್ಲಿ ಕೃಷಿ ವಿಶ್ವವಿದ್ಯಾಲಯ, ಬೀಜ ಕಂಪನಿ ಮಹಿಕೊ ಮತ್ತು ಹೈದರಾಬಾದಿನ ಸತ್ಗುರು ಎಂಬ ಸಲಹಾ ಸಂಸ್ಥೆಯ ನಡುವೆ ಬಿಟಿ ಬದನೆಗಾಗಿ ಒಪ್ಪಂದ ಆಯಿತು. ಅಮೆರಿಕದ ನೆರವಿನ, ಕಾರ್ನೆಲ್ ವಿಶ್ವವಿದ್ಯಾಲಯ ಮುನ್ನಡೆಸಿದ ಯೋಜನೆ ಅದು. ಕೀಟ ತಡೆಯುವ ಬಿಟಿ ಜೀನ್ ಇದ್ದ ಬದನೆ ತಳಿ ಕಂಪನಿಯದ್ದು. ಆ ಗುಣವನ್ನು ಸೇರಿಸಬೇಕಾಗಿದ್ದದ್ದು ನಮ್ಮ ಊರೂರಿನ ತಳಿಗಳಿಗೆ: ಮಳಾಪುರ ಲೋಕಲ್, ಕುಡಚಿ ಲೋಕಲ್, ರಬಕವಿ ಲೋಕಲ್, ಉಡುಪಿಯ ಗುಳ್ಳ ಇತ್ಯಾದಿ. ಕ್ರಾಸ್ ಮಾಡುವ ಕೆಲಸ ಧಾರವಾಡದ್ದು.

ಇಲ್ಲಿ ಎರಡು ಬಗೆಯ ವಸ್ತು ಒಂದೇ ಗಿಡದಲ್ಲಿ ಸೇರಿದವು. ಜೀನ್ ಯಾರದ್ದು ಎಂಬುದು ಒಪ್ಪಂದದಲ್ಲಿ ಸ್ಪಷ್ಟ. ಗಿಡ ಯಾರದ್ದು? ಅದನ್ನು ತಲೆಮಾರುಗಳಿಂದ ಬೆಳೆಸಿ ಉಳಿಸಿದ ಊರಿನವರನ್ನು, ರಾಜ್ಯ ಮಂಡಳಿಯನ್ನು ಕೇಳಬೇಕಿತ್ತಾ?

2009ರಲ್ಲಿ ಕೇಂದ್ರ ಸರ್ಕಾರದ ತಾಂತ್ರಿಕ ಸಮಿತಿ ಬಿಟಿ ಬದನೆಗೆ ಹಸಿರು ನಿಶಾನೆ ತೋರಿಸಿತು. 2010ರ ಫೆಬ್ರುವರಿ 9ರಂದು ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಅದಕ್ಕೆ ತಡೆ ಹಾಕಿದರು. ಅದೇ ತಿಂಗಳು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ರಾಜ್ಯ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು. ಸ್ಥಳೀಯ ತಳಿಗಳನ್ನು ಕಾಯ್ದೆಯ ಪ್ರಕಾರ ಒಪ್ಪಿಗೆ ಪಡೆಯದೆ ಬಳಸಲಾಗಿದೆ ಎಂಬುದು ದೂರು. 2011ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ತೀರ್ಮಾನಿಸಿತು, 2012ರಲ್ಲಿ ಧಾರವಾಡದ ನ್ಯಾಯಾಲಯದಲ್ಲಿ ಪ್ರಕರಣ ದಾಖಲಾಯಿತು. ಆರೋಪ ಹೊತ್ತವರು ಹೈಕೋರ್ಟಿನ ಮೆಟ್ಟಿಲನ್ನೂ ಏರಿದರು.

ಆಗ ಕಾಯ್ದೆ ಉಲ್ಲಂಘನೆ ಕ್ರಿಮಿನಲ್ ಅಪರಾಧ. ಐದು ವರ್ಷದವರೆಗೆ ಜೈಲು ಆಗಬಹುದಿತ್ತು. 2023ರ ತಿದ್ದುಪಡಿ ಜೈಲು ಶಿಕ್ಷೆಯನ್ನು ತೆಗೆದುಹಾಕಿತು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿಯಮದಲ್ಲಿ 1 ಲಕ್ಷದಿಂದ 50 ಲಕ್ಷ ರೂಪಾಯಿವರೆಗೆ ದಂಡ. ಉಲ್ಲಂಘನೆ ಮುಂದುವರಿದರೆ ಹೆಚ್ಚುವರಿಯಾಗಿ 1 ಕೋಟಿವರೆಗೆ.

ತಪ್ಪು ಯಾರದ್ದು ಎಂಬುದಕ್ಕಿಂತ ಈ ಪ್ರಕರಣದಲ್ಲಿ ನನಗೆ ಕಾಣುವುದು ಬೇರೆ. ಒಪ್ಪಂದಕ್ಕೆ ಸಹಿ ಹಾಕುವವರು ಇಬ್ಬರೋ ಮೂವರೋ. ವಸ್ತುವಿನ ಹಿಂದೆ ಇರುವವರು ಅದಕ್ಕಿಂತ ಬಹಳ ಜನ. ಅವರಿಗೆ ಎಂಟಿಎಯಲ್ಲಿ ಸಹಿಯ ಜಾಗ ಇಲ್ಲ. ಆ ಕೊರತೆ ತುಂಬಬೇಕಾದದ್ದು ಕಾಯ್ದೆ.

## ಎಂಟಿಎ ಅಲ್ಲದವು

ರಾಣೆಬೆನ್ನೂರು ಸುತ್ತಿನ ಸೀಡ್ಸ್ ಪ್ಲಾಟುಗಳಲ್ಲಿ ಕೆಲಸ ಮಾಡಿದವರಿಗೆ ಇದೆಲ್ಲ ಎಲ್ಲೋ ಕೇಳಿದ ಹಾಗೆ ಅನಿಸಬಹುದು. ಕಂಪನಿ ಗಂಡು ಸಾಲಿನ ಬೀಜ, ಹೆಣ್ಣು ಸಾಲಿನ ಬೀಜ ಕೊಡುತ್ತದೆ. ಸಂಜೆ ಮೊಗ್ಗಿನ ಕೇಸರ ತೆಗೆದು, ಬೆಳಗ್ಗೆ ಪರಾಗ ಮುಟ್ಟಿಸಿ ಬೆಳೆದ ಬೀಜವನ್ನೆಲ್ಲ ಕಂಪನಿಗೇ ಕೊಡಬೇಕು. ತಂದೆತಾಯಿ ಸಾಲಿನ ಒಂದು ಕಾಳನ್ನೂ ಇಟ್ಟುಕೊಳ್ಳುವಂತಿಲ್ಲ. ‘ಒಡೆತನ ನಿಮ್ಮದಲ್ಲ’ ಎಂಬ ಮಾತು ಎರಡರಲ್ಲೂ ಒಂದೇ. ಆದರೆ ಇದು ಉತ್ಪಾದನೆಯ ಕರಾರು, ಕೂಲಿ-ದರದ ವ್ಯವಹಾರ. ಸಂಶೋಧನೆಯ ಎಂಟಿಎ ಅಲ್ಲ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಸಿಕ್ಕ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು ಕೂಡ ಬೇರೆ ವಿಷಯ. ಅದು ಕಾಯುವುದು ಹೆಸರನ್ನು. ಡಬ್ಬಿ, ಕಡ್ಡಿ ಎಂಬ ಬ್ಯಾಡಗಿ ತಳಿಗಳ ಬೀಜವನ್ನು ಯಾರೋ ಬೇರೆ ರಾಜ್ಯಕ್ಕೆ ಒಯ್ದು ಬಿತ್ತಿದರೆ ಜಿಐ ತಡೆಯುವುದಿಲ್ಲ, ಆ ಬೆಳೆಗೆ ‘ಬ್ಯಾಡಗಿ’ ಎಂಬ ಹೆಸರು ಹಚ್ಚಿ ಮಾರಿದರೆ ಮಾತ್ರ ತಕರಾರು. ಬೀಜ ಕಾಯುವ ಕೆಲಸವನ್ನು ಜಿಐ ಮಾಡುತ್ತದೆ ಎಂದುಕೊಂಡವರು ಬಹಳ ಜನ ಇದ್ದಾರೆ.

## ರಕ್ತದ ಸ್ಯಾಂಪಲ್‌ಗೂ ಇದೇ ನಿಯಮವಾ?

ಪೂರ್ತಿ ಇದೇ ಅಲ್ಲ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಸಂಶೋಧನೆಗೆಂದು ರಕ್ತ ತೆಗೆದರೆ ಮೊದಲು ಬೇಕಾದದ್ದು ರೋಗಿಯ ಲಿಖಿತ ಒಪ್ಪಿಗೆ, ಸಂಸ್ಥೆಯ ನೈತಿಕ ಸಮಿತಿಯ ಅನುಮೋದನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದನ್ನೆಲ್ಲ ವಿವರವಾಗಿ ಹೇಳುತ್ತದೆ. ಸ್ಯಾಂಪಲ್ ಇನ್ನೊಂದು ಲ್ಯಾಬಿಗೆ ಹೋಗುವುದಾದರೆ ಆಮೇಲೆ ಎಂಟಿಎ. ಬಾಟಲಿಯ ಮೇಲೆ ಹೆಸರಿನ ಬದಲು ಸಂಕೇತ ಇರಬೇಕು. ವಿದೇಶಿ ಸಂಸ್ಥೆ ಜೊತೆಗಿದ್ದರೆ ಕೇಂದ್ರ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ‘ನನ್ನ ಸ್ಯಾಂಪಲ್ ಬೇರೆ ಕಡೆ ಕಳಿಸ್ತೀರಾ, ಎಷ್ಟು ದಿನ ಇಟ್ಕೊಳ್ತೀರಾ’ ಅಂತ ಕೇಳುವುದು ರೋಗಿಯ ಹಕ್ಕು.

## ಬೀಜ ಹೋಗದೆ ಗುಣ ಹೋದರೆ?

ಈಗಿನ ದೊಡ್ಡ ಚರ್ಚೆ ಇದು. ಬೀಜದ ಡಿಎನ್‌ಎ ಓದಿ ಆ ಅಕ್ಷರಸಾಲನ್ನು ಕಂಪ್ಯೂಟರಿಗೆ ಹಾಕಿದರೆ ಕ್ಷಣದಲ್ಲಿ ಜಗತ್ತಿನ ಯಾವ ಮೂಲೆಗಾದರೂ ಕಳಿಸಬಹುದು. ಪೊಟ್ಟಣ ಇಲ್ಲ, ಕ್ವಾರಂಟೈನ್ ಇಲ್ಲ. ‘ವಸ್ತು’ ಮಾತ್ರ ಕಾಯುವ ಹಳೆಯ ಎಂಟಿಎಗಳು ಇದರ ಬಗ್ಗೆ ಬಾಯಿ ಬಿಡುವುದಿಲ್ಲ. ಈಗಿನ ಹಲವು ಒಪ್ಪಂದಗಳಲ್ಲಿ ‘ವಸ್ತುವಿಗೆ ಸೇರಿದ ಮಾಹಿತಿ’ ಎಂದೂ ಸೇರಿಸುತ್ತಾರೆ. ಇಂಥ ಮಾಹಿತಿಯಿಂದ ಲಾಭ ಮಾಡುವ ಕಂಪನಿಗಳಿಂದ ಹಣ ಪಡೆಯಲು 2024ರಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ಸೇರಿದ್ದ ದೇಶಗಳು ಒಂದು ನಿಧಿಗೆ ಒಪ್ಪಿದವು. 2025ರ ಫೆಬ್ರುವರಿಯಲ್ಲಿ ಅದು ಶುರುವಾಯಿತು. ಕಂಪನಿಗಳಿಗೆ ಕೊಡುಗೆ ಕಡ್ಡಾಯ ಮಾಡಿಲ್ಲ.

## ನಿಮ್ಮ ಹೊಲಕ್ಕೆ ಬಂದು ಬೀಜ ಕೇಳಿದರೆ

ಮೊದಲು ಒಂದು ಭಯ ಬಿಡಿ. ನೀವು ನಿಮ್ಮ ಜವಾರಿ ಬೀಜವನ್ನು ಬೀಗರಿಗೆ ಕೊಡುವುದಕ್ಕೆ, ಸಂತೆಯಲ್ಲಿ ಮಾರುವುದಕ್ಕೆ, ಬದಲಾಯಿಸಿಕೊಳ್ಳುವುದಕ್ಕೆ ಯಾವ ಎಂಟಿಎಯೂ ಬೇಡ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಆ ಹಕ್ಕನ್ನು ರೈತರಿಗೆ ಕೊಟ್ಟಿದೆ. ನೋಂದಣಿಯಾದ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರು ಹಾಕಿ ಪ್ಯಾಕೆಟ್ ಮಾಡಿ ಮಾರುವಂತಿಲ್ಲ, ಅಷ್ಟೇ.

ಸಂಶೋಧಕರು ಬಂದರೆ ಬೀಜ ಕೊಡುವುದು ಬಿಡುವುದು ನಿಮ್ಮ ಇಷ್ಟ. ಕೊಡುವುದಾದರೆ ಯಾವ ಸಂಸ್ಥೆ, ಯಾವ ಯೋಜನೆ, ಮುಂದೆ ಕಂಪನಿಗೆ ಹೋಗುತ್ತದಾ ಎಂದು ಕೇಳಿ. ಅವರು ತುಂಬುವ ಹಾಳೆಗೆ ‘ಪಾಸ್‌ಪೋರ್ಟ್ ಮಾಹಿತಿ’ ಅನ್ನುತ್ತಾರೆ. ಅದರಲ್ಲಿ ಊರು, ತಾಲ್ಲೂಕು, ಸ್ಥಳೀಯ ಹೆಸರು, ಕೊಟ್ಟವರ ಹೆಸರು ಬರೆಯುವ ಕಾಲಂ ಇರುತ್ತದೆ. ಅದನ್ನು ಖಾಲಿ ಬಿಡದ ಹಾಗೆ ನೋಡಿಕೊಳ್ಳಿ, ಮೊಬೈಲಿನಲ್ಲಿ ಒಂದು ಫೋಟೊ ಹೊಡೆದಿಟ್ಟುಕೊಳ್ಳಿ. ಇದು ಬರೀ ಗೌರವದ ವಿಷಯ ಅಲ್ಲ. ಮುಂದೆ ಆ ಬೀಜದಿಂದ ಹೊಸ ತಳಿ ಮಾಡಿ ನೋಂದಣಿಗೆ ಹೋದವರು ಅದರ ಮೂಲ ಯಾವ ಜಾಗದ್ದು, ರೈತರ ಅಥವಾ ಊರಿನ ಕೊಡುಗೆ ಏನು ಎಂದು ಅರ್ಜಿಯಲ್ಲಿ ಹೇಳಲೇಬೇಕು, ಮೂಲ ವಸ್ತುವನ್ನು ಕಾನೂನುಬದ್ಧವಾಗಿ ಪಡೆದಿದ್ದೇವೆ ಎಂದು ಘೋಷಿಸಬೇಕು. ಲಾಭದ ಪಾಲು ಕೇಳುವುದಕ್ಕೂ ಆಧಾರ ಈ ದಾಖಲೆಯೇ.

ನಿಮ್ಮ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ತಳಿಗಳನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯೂ ಇರಬೇಕು. ಜೀವವೈವಿಧ್ಯ ಕಾಯ್ದೆಯಲ್ಲಿ ಎರಡಕ್ಕೂ ಜಾಗ ಇದೆ. ಪಂಚಾಯಿತಿಗೆ ಹೋದಾಗ ಆ ಪುಸ್ತಕ ತೋರಿಸಿ ಎಂದು ಕೇಳಿ, ನಿಮ್ಮ ಮನೆಯ ಬದನೆ, ಸೌತೆ, ಅಲಸಂದಿ ಅದರಲ್ಲಿ ಇಲ್ಲದಿದ್ದರೆ ಬರೆಸಿ.